ಮುಯ್ಯಿ ಪುಸ್ತಕದಲ್ಲಿ ನನ್ನ ಪುಟ

ಕಳೆದ ವರ್ಷ ದೊಡ್ಡಪ್ಪನ ಮೊಮ್ಮಗನ ಮದುವೆಗೆ ದಾವಣಗೆರೆಗೆ ಹೋಗಿದ್ದೆ. ಧಾರೆ ಮುಗಿದು ಜನ ಊಟದ ಹಾಲ್ ಕಡೆ ನುಗ್ಗುತ್ತಿದ್ದರು. ನಾನು ಒಂದು ಕುರ್ಚಿ ಎಳೆದುಕೊಂಡು ಫ್ಯಾನಿನ ಕೆಳಗೆ ಕೂತಿದ್ದೆ. ದೂರದ ನೆಂಟರೊಬ್ಬರು, ವರಸೆಯಲ್ಲಿ ಅತ್ತೆ ಆಗಬೇಕು, ಬಂದು ಪಕ್ಕದಲ್ಲಿ ಕೂತರು.

“ಏನವ್ವಾ, ದಿಲ್ಲಿಯಾಗೆ ಏನೋ ಸಂಬಂಧದ ಕೆಲ್ಸ ಮಾಡ್ತೀಯಂತಲ್ಲ?”

“ಹೌದತ್ತೆ. ಅಂತರರಾಷ್ಟ್ರೀಯ ಸಂಬಂಧ. ಅದರ ಪಾಠ ಮಾಡ್ತೀನಿ.”

“ಹಂಗಾದ್ರೆ ನಮ್ ಹುಡ್ಗಿಗೂ ಒಂದು ಫಾರಿನ್ ಸಂಬಂಧ ನೋಡವ್ವಾ. ಇಂಜಿನಿಯರಿಂಗ್ ಮುಗ್ಸಿ ಎರಡು ವರ್ಷ ಆತು.”

ಹಿಂದಿನ ಸಾಲಿನಿಂದ ಯಾರೋ ಹೆಂಗಸು ಅಂದರು: “ಆಕಿಗೇ ಒಂದು ನೋಡ್ಕಳಕೆ ಆಗ್ಲಿಲ್ಲ. ನಿನ್ನ ಮಗಳಿಗೆ ಎಲ್ಲಿಂದ ತರ್ತಾಳೆ?” ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಐವತ್ತು ದಾಟಿದ ಮೇಲೆ ಈ ಮಾತು ಚುಚ್ಚುವುದಿಲ್ಲ. ಸೊಳ್ಳೆ ಕೂತು ಎದ್ದುಹೋದ ಹಾಗೆ, ಅಷ್ಟೆ.

ನಾನು ಏನು ಕೆಲಸ ಮಾಡುತ್ತೇನೆ ಅಂತ ಮನೆಯವರಿಗೆ ಹೇಳಲು ಮೂವತ್ತು ವರ್ಷದಿಂದ ಒದ್ದಾಡಿದ್ದೇನೆ. ದೇಶ ದೇಶಗಳು ಒಂದರ ಜೊತೆ ಒಂದು ಹೇಗೆ ನಡೆದುಕೊಳ್ಳುತ್ತವೆ, ಮೇಲೊಬ್ಬ ಯಜಮಾನ ಇಲ್ಲದೆಯೂ ಅವುಗಳ ನಡುವೆ ನಿಯಮಗಳು ಹೇಗೆ ಹುಟ್ಟುತ್ತವೆ, ಅವು ಯಾಕೆ ಮುರಿದುಬೀಳುತ್ತವೆ. ಇದನ್ನು ಓದುವುದು, ಬರೆಯುವುದು, ಪಾಠ ಮಾಡುವುದು. ನಮ್ಮಮ್ಮ ಕೊನೆಯವರೆಗೂ ಇದನ್ನು “ವಿಶ್ವಸಂಸ್ಥೆ ಕೆಲಸ” ಅಂತಲೇ ಹೇಳುತ್ತಿದ್ದಳು. ನಾನು ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದು ಒಂದು ದಿನವೂ ಇಲ್ಲ. ಅತ್ತೆ ಸಂಬಂಧ ಅನ್ನೋ ಪದವನ್ನು ತಪ್ಪು ತಿಳಿದುಕೊಂಡರು ಅಂತ ಆ ಹೊತ್ತಿಗೆ ಅನ್ನಿಸಿತು. ರಾತ್ರಿ ಮಲಗುವ ಹೊತ್ತಿಗೆ, ಅವರು ಹೇಳಿದ್ದರಲ್ಲಿ ಅಷ್ಟೇನೂ ತಪ್ಪಿರಲಿಲ್ಲ ಅನ್ನಿಸಿತು. ಆ ನಡುವೆ ಆದದ್ದನ್ನು ಬರೆಯೋಣ ಅಂತ ಕೂತಿದ್ದೇನೆ.

ಎರಡನೇ ಪಂಕ್ತಿ ಏಳುವ ಹೊತ್ತಿಗೆ ದೊಡ್ಡಪ್ಪ ಕರೆದರು. ಅವರಿಗೆ ಈಗ 84. ಮಂಡಿಪೇಟೆಯ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಸವೆದವರು. ಕಿರ್ದಿ, ಖಾತೆ ಅಂದರೆ ಅವರಿಗೆ ದೇವರ ಪಟದಷ್ಟೇ ಮಡಿ. ಮನೆಯ ಮುಯ್ಯಿಯ, ಅಂದರೆ ಮದುವೆ ಗಿದುವೆಗೆ ಬರುವ, ನಾವು ಕೊಡುವ ಕಾಣಿಕೆಯ ಲೆಕ್ಕವನ್ನೂ ಅವರೇ ಬರೆದುಕೊಂಡು ಬಂದವರು. ಈಗ ಕೈ ನಡುಗುತ್ತದೆ. “ನೀನು ಬಾರವ್ವಾ. ಓದಿದಾಕಿ. ಕೂತ್ಕಂಡು ಬರಿ” ಅಂದರು. ನಮ್ಮ ಮನೆಯ ಮುಯ್ಯಿ ಮೇಜಿಗೆ ಹೆಣ್ಣುಮಗಳು ಕೂತದ್ದು ಅದೇ ಮೊದಲು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು, ದಾರಕ್ಕೆ ಕಟ್ಟಿದ ಪೆನ್ನು. ಜನ ಕವರ್ ಕೊಡುತ್ತಾರೆ. ನಾನು ಹೆಸರು, ಊರು, ಮೊತ್ತ ಬರೆಯಬೇಕು. ಮುಂಚೆ ಇದನ್ನು ಮೈಕಿನಲ್ಲಿ ಕೂಗುತ್ತಿದ್ದರು. ಈಗ ಕೆಲವು ಮದುವೆಗಳಲ್ಲಿ ಕ್ಯೂಆರ್ ಕೋಡ್ ಇಡುತ್ತಾರಂತೆ. ದೊಡ್ಡಪ್ಪ ಇರುವವರೆಗೆ ನಮ್ಮಲ್ಲಿ ಅದು ಬರಲ್ಲ ಬಿಡಿ.

ಅದೇ ವಾರ ಬೆಂಗಳೂರಿನಲ್ಲಿ

ರಾತ್ರಿ ಮನೆಗೆ ಬಂದ ಮೇಲೆ ದೊಡ್ಡಪ್ಪ ಹೊಸ ಪುಸ್ತಕವನ್ನು ಹಳೆಯವುಗಳ ಜೊತೆ ಇಡಲು ಟ್ರಂಕು ತೆಗೆಸಿದರು. ಒಳಗೆ ಅಂಥ ಆರೇಳು ಪುಸ್ತಕಗಳಿದ್ದವು. ನಾನು ಒಂದನ್ನು ಬಿಡಿಸಿದೆ. 1986ರ ನವೆಂಬರ್. ಚಿಕ್ಕತ್ತೆಯ ಮದುವೆ. ಆಗ ನನಗೆ 12. ಪುಟದ ತುಂಬ ಹನ್ನೊಂದು ರೂಪಾಯಿಗಳ ಸಾಲು. ನಡುವೆ ಇಪ್ಪತ್ತೈದು, ಐವತ್ತೊಂದು. ಅಲ್ಲಲ್ಲಿ “ಸ್ಟೀಲ್ ತಂಬಿಗೆ 1”, “ಕುಪ್ಪಸದ ಬಟ್ಟೆ 1”. ನೂರಾ ಒಂದು ಕೊಟ್ಟವರು ಇಬ್ಬರೇ.

ಆ ಮದುವೆ ನನಗೆ ಚೆನ್ನಾಗಿ ನೆನಪಿದೆ. ಯಾಕೆಂದರೆ ಅದೇ ವಾರ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ಇತ್ತು. 1985ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಹುಟ್ಟಿದ ದಕ್ಷಿಣ ಏಷ್ಯಾದ ದೇಶಗಳ ಸಂಘಟನೆ, ಮರುವರ್ಷವೇ ನಮ್ಮ ರಾಜ್ಯಕ್ಕೆ ಬಂದಿತ್ತು. ಬೆಂಗಳೂರಿಂದ ಬಂದ ನೆಂಟರಿಗೆಲ್ಲ ಅದೇ ಮಾತು. ರಸ್ತೆ ಬಂದ್, ಪೊಲೀಸು, ಭೂತಾನದ ರಾಜ, ನೇಪಾಳದ ರಾಜ. ಇಬ್ಬರು ರಾಜರು ಒಂದೇ ಊರಿಗೆ ಬಂದಿದ್ದಾರೆ ಅನ್ನೋದೇ ನನಗೆ ಕಥೆಯ ಹಾಗಿತ್ತು. ನಮ್ಮ ಮನೆಯಲ್ಲೂ ಆ ದಿನ ಒಂದು ಶೃಂಗಸಭೆ ನಡೆಯಬೇಕಿತ್ತು. ನಮ್ಮ ತಾತನ ಇಬ್ಬರು ತಮ್ಮಂದಿರ ನಡುವೆ ಎರಡು ಎಕರೆ ಗದ್ದೆಯ ತಕರಾರು. ಇಬ್ಬರೂ ಮದುವೆಗೆ ಬಂದಿದ್ದರು. ಅಜ್ಜಿ ಚಪ್ಪರದ ಕೆಳಗೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಗದ್ದೆ ಮಾತು ಇವತ್ತು ಬ್ಯಾಡ. ಯಾರೂ ಎತ್ತಂಗಿಲ್ಲ.” ಯಾರೂ ಎತ್ತಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ಹೋಳಿಗೆ ತಿಂದರು. ಗದ್ದೆಯ ಮಾತು ಹಿತ್ತಿಲಲ್ಲಿ, ಅಡುಗೆಯವರ ಒಲೆ ಪಕ್ಕ, ಬೀಡಿ ಹಚ್ಚಿಕೊಂಡು ನಡೆಯಿತು. ಅದನ್ನು ನಾನು ಕಣ್ಣಾರೆ ನೋಡಿದೆ.

ಹತ್ತು ವರ್ಷದ ಮೇಲೆ ದೆಹಲಿಯ ಲೈಬ್ರರಿಯಲ್ಲಿ ಸಾರ್ಕ್ ಸನ್ನದನ್ನು ಮೊದಲ ಸಲ ಓದಿದಾಗ ಜೋರಾಗಿ ನಕ್ಕುಬಿಟ್ಟೆ. ಅದರ ಹತ್ತನೇ ವಿಧಿಯಲ್ಲಿ ಎರಡೇ ಮಾತಿವೆ. ಎಲ್ಲ ತೀರ್ಮಾನ ಒಮ್ಮತದಿಂದ ಆಗಬೇಕು. ಎರಡು ದೇಶಗಳ ನಡುವಿನ ವಿಷಯ ಮತ್ತು ವಿವಾದದ ವಿಷಯಗಳನ್ನು ಚರ್ಚೆಗೆ ತರುವ ಹಾಗಿಲ್ಲ. ಪೂರ್ತಿ ಅಜ್ಜಿಯ ಮಾತೇ. ಬೆಂಗಳೂರಿನ ಸಭೆಯಲ್ಲೂ ಹಿತ್ತಿಲು ಇತ್ತು. ಒಳಗೆ ಸಹಕಾರದ ಭಾಷಣ. ಪಕ್ಕದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಜಯವರ್ಧನೆ ತಮಿಳರ ಪ್ರಶ್ನೆಯನ್ನು ಮಾತಾಡುತ್ತಿದ್ದರು. ಮರುವರ್ಷ ಜುಲೈನಲ್ಲಿ ಭಾರತ ಮತ್ತು ಶ್ರೀಲಂಕಾ ಒಪ್ಪಂದ ಆಯಿತು. ಅದರಿಂದ ಏನೇನಾಯಿತು ಅನ್ನೋದು ನಮಗೆಲ್ಲ ಗೊತ್ತು.

ನಾನು ಪಿಎಚ್‌ಡಿ ಮಾಡಿದ್ದು ಸಾರ್ಕ್ ಯಾಕೆ ಮುಂದೆ ಹೋಗಲ್ಲ ಅನ್ನೋದರ ಮೇಲೆ. ಗೆಳೆಯರು ತಮಾಷೆ ಮಾಡುತ್ತಿದ್ದರು, ನಿನ್ನ ವಿಷಯ ಒಂದೇ ಪುಟದಲ್ಲಿ ಮುಗಿಯುತ್ತಲ್ಲ ಅಂತ. ನಿಜವಾಗಿ ನಾನು ಬರೆದದ್ದು 300 ಪುಟ. ಆ 10ನೇ ವಿಧಿಯನ್ನು ಅದರಲ್ಲಿ ಚೆನ್ನಾಗಿ ಬೈದಿದ್ದೆ. ವಿವಾದ ಮಾತಾಡದ ಸಂಘಟನೆ ಯಾಕಾದರೂ ಬೇಕು ಅಂತ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಅಜ್ಜಿ ಹಾಗೆ ಹೇಳದಿದ್ದರೆ ಆ ಇಬ್ಬರು ಮದುವೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಿಂತಿದ್ದರಿಂದ ಹಿತ್ತಿಲಲ್ಲಿ ಮಾತಾದರೂ ಆಯಿತು. ಸಾರ್ಕ್‌ನ ಕಷ್ಟ ಬೇರೆ. ಅಲ್ಲಿ ಈಗ ಮದುವೆಯೇ ನಡೆಯುತ್ತಿಲ್ಲ. ಕೊನೆಯ ಶೃಂಗಸಭೆ 2014ರಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದು, ಉರಿ ದಾಳಿಯ ನಂತರ ಭಾರತ ಬರಲ್ಲ ಅಂದಿತು. ಬೇರೆ ದೇಶಗಳೂ ಹಿಂದೆ ಸರಿದವು. ಅಲ್ಲಿಗೆ ನಿಂತಿತು. ದಕ್ಷಿಣ ಏಷ್ಯಾದ ದೇಶಗಳು ತಮ್ಮತಮ್ಮಲ್ಲಿ ಮಾಡುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದಲ್ಲಿ ಶೇ 5ರ ಆಸುಪಾಸು. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳಲ್ಲಿ ಅದು ಶೇ 20ಕ್ಕಿಂತ ಜಾಸ್ತಿ. ಒಮ್ಮೆ ಕಠ್ಮಂಡುವಿನ ತ್ರಿದೇವಿ ಮಾರ್ಗದಲ್ಲಿರುವ ಸಾರ್ಕ್ ಸಚಿವಾಲಯಕ್ಕೆ ಹೋಗಿದ್ದೆ. ಅಚ್ಚುಕಟ್ಟಾದ ಅಂಗಳ, ಬಾವುಟಗಳು, ಒಳ್ಳೆ ಚಹಾ. ಛತ್ರ ಸಾರಿಸಿ ರಂಗೋಲಿ ಹಾಕಿ ಇಟ್ಟಿದ್ದಾರೆ. ನೆಂಟರು ಬರುತ್ತಿಲ್ಲ.

ಡಂಕೆಲ್ ಅನ್ನೋ ರೋಗ

ದೊಡ್ಡಪ್ಪನನ್ನು ಒಂದು ಪ್ರಶ್ನೆ ಕೇಳಿದೆ. 1986ರಲ್ಲಿ ಹನ್ನೊಂದು ರೂಪಾಯಿ ಮುಯ್ಯಿ ಮಾಡಿದವರ ಮನೆಯಲ್ಲಿ ಈಗ ಮದುವೆ ಆದರೆ ನಾವು ಎಷ್ಟು ಕೊಡಬೇಕು? ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. “ಹನ್ನೊಂದೇ ಕೊಟ್ರೆ ಮುಖಕ್ಕೆ ಉಗೀತಾರೆ. ಕಾಲ ನೋಡ್ಬೇಕು. ಮನಿ ನೋಡ್ಬೇಕು.” ಆಮೇಲೆ ಪುಟದ ಮೇಲೆ ಬೆರಳಿಟ್ಟು ಒಬ್ಬೊಬ್ಬರ ಕಥೆ ಹೇಳಿದರು. ಇವರು ಆಗ ಹನ್ನೊಂದು ಕೊಟ್ಟಿದ್ದು ಸಾಲ ಮಾಡಿ. ಅವರು ನೂರಾ ಒಂದು ಕೊಟ್ಟಾಗ ಜಿನ್ನಿಂಗ್ ಫ್ಯಾಕ್ಟರಿ ಇತ್ತು, ಈಗ ಏನೂ ಇಲ್ಲ. ಇವತ್ತು ಅವರ ಮಗ ಐವತ್ತು ರೂಪಾಯಿ ಹಾಕಿದ್ದ. “ಅದನ್ನ ಹೆಂಗೆ ಬರ್ದಿ?” ಅಂತ ಕೇಳಿದರು. ಐವತ್ತು ಅಂತಲೇ ಬರೆದಿದ್ದೆ. “ಬರಿ. ಆದ್ರೆ ಬಾಯಿ ಬಿಟ್ಟು ಓದಬಾರ್ದು.” ನಾನು ಓದಿರಲಿಲ್ಲ. ಪುಣ್ಯಕ್ಕೆ.

ಆಗ ನನಗೆ ಜಿನೀವಾ ನೆನಪಾಯಿತು. ನಾನು ಅಲ್ಲಿ ಎರಡು ವರ್ಷ ಕೂತು ಓದಿದ್ದು ಇಂಥದೇ ಒಂದು ಪುಸ್ತಕವನ್ನು. ಅದಕ್ಕೂ ಮುಂಚಿನ ಒಂದು ಮಾತು ಹೇಳಬೇಕು. 1992ರ ಸುಮಾರಿಗೆ ನಾನು ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದೆ. ಹೈಸ್ಕೂಲ್ ಮೈದಾನದಲ್ಲಿ ರೈತ ಸಂಘದ ಸಭೆ. ಎಲ್ಲಿ ನೋಡಿದರೂ ಹಸಿರು ಶಾಲು. ಭಾಷಣ ಮಾಡುತ್ತಿದ್ದವರು ಮತ್ತೆ ಮತ್ತೆ “ಡಂಕೆಲ್ ಬಂದರೆ ನಿಮ್ಮ ಬೀಜ ಹೋಗುತ್ತದೆ” ಅನ್ನುತ್ತಿದ್ದರು. ಡಂಕೆಲ್ ಅಂದರೆ ಹತ್ತಿಗೆ ಬರುವ ಯಾವುದೋ ರೋಗ ಅಂತ ನಾನು ತಿಳಿದುಕೊಂಡೆ. ಬೂದಿರೋಗ, ಬೆಂಕಿರೋಗ, ಡಂಕೆಲ್. ಅದು ಆರ್ಥರ್ ಡಂಕೆಲ್ ಅನ್ನೋ ಸ್ವಿಟ್ಜರ್ಲೆಂಡಿನ ಮನುಷ್ಯನ ಹೆಸರು, ಅವನು ದೇಶಗಳ ನಡುವಿನ ವ್ಯಾಪಾರದ ನಿಯಮ ನೋಡಿಕೊಳ್ಳುತ್ತಿದ್ದ ಗ್ಯಾಟ್ ಸಂಸ್ಥೆಯ ಮುಖ್ಯಸ್ಥ, ಅವನು 1991ರಲ್ಲಿ ಮುಂದಿಟ್ಟ ಕರಡು ಮುಂದೆ ವಿಶ್ವ ವ್ಯಾಪಾರ ಸಂಘಟನೆಗೆ ಬುನಾದಿ ಅಂತೆಲ್ಲ ಗೊತ್ತಾಗಿದ್ದು ಆಮೇಲೆ. ಪ್ರೊಫೆಸರ್ ನಂಜುಂಡಸ್ವಾಮಿ ಅವರ ರೈತ ಸಂಘ 1992ರ ಕೊನೆಯಲ್ಲಿ, ಬೀಜ ಮಾರುವ ಅಮೆರಿಕದ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟಿತು. ದೇಶದ ಪತ್ರಿಕೆಗಳು ಬೈದವು. ನನಗೆ ಮಾತ್ರ ಅದೊಂದು ಆಶ್ಚರ್ಯ. ಎಲ್ಲೋ ದೂರದ ಒಂದು ಕರಡು ಕಾಗದದ ಬಗ್ಗೆ ನಮ್ಮೂರಿನ ಮೈದಾನದಲ್ಲಿ ಪಂಚೆ ಉಟ್ಟವರು ಜಗಳ ಆಡುತ್ತಿದ್ದಾರಲ್ಲ! ನನ್ನನ್ನು ಈ ಓದಿಗೆ ಎಳೆದದ್ದು ನೆಹರೂ ಅಲ್ಲ, ಪಂಚಶೀಲ ಅಲ್ಲ. ಡಂಕೆಲ್.

ಈಗ ಜಿನೀವಾದ ಪುಸ್ತಕಕ್ಕೆ ಬರುತ್ತೇನೆ. 1995ರಲ್ಲಿ ಜಿನೀವಾದಲ್ಲಿ ಆ ವಿಶ್ವ ವ್ಯಾಪಾರ ಸಂಘಟನೆ, ಅಂದರೆ ಡಬ್ಲ್ಯುಟಿಒ, ಶುರುವಾಯಿತು. ಅದರ ಕೃಷಿ ಒಪ್ಪಂದದ ಪ್ರಕಾರ ನಮ್ಮಂಥ ದೇಶ ಒಂದು ಬೆಳೆಗೆ ಕೊಡುವ ಮಾರುಕಟ್ಟೆ ಕೆಡಿಸುವಂಥ ಸಬ್ಸಿಡಿ, ಆ ಬೆಳೆಯ ಒಟ್ಟು ಮೌಲ್ಯದ ಶೇ 10 ದಾಟಬಾರದು. ಸರ್ಕಾರ ಬೆಂಬಲ ಬೆಲೆ ಕೊಟ್ಟು ಭತ್ತ ಕೊಂಡು ಪಡಿತರಕ್ಕೆ ಇಟ್ಟುಕೊಂಡರೆ ಅದೂ ಈ ಲೆಕ್ಕಕ್ಕೆ ಬರುತ್ತದೆ. ಲೆಕ್ಕ ಹೇಗೆ? ಇವತ್ತಿನ ಬೆಂಬಲ ಬೆಲೆಯಿಂದ ಒಂದು ಹಳೆಯ ಅಂತರರಾಷ್ಟ್ರೀಯ ಬೆಲೆ ಕಳೆಯಬೇಕು. ಉಳಿದದ್ದು ಒಂದೊಂದು ಕ್ವಿಂಟಲಿನ ಸಬ್ಸಿಡಿ. ಆ ಹಳೆಯ ಬೆಲೆ ಯಾವುದು? 1986ರಿಂದ 1988ರವರೆಗಿನ ಸರಾಸರಿ. ಚಿಕ್ಕತ್ತೆಯ ಮದುವೆಯ ಕಾಲದ್ದು! ಆಗ ಕ್ವಿಂಟಲ್ ಭತ್ತಕ್ಕೆ ಬೆಂಬಲ ಬೆಲೆ 150 ರೂಪಾಯಿಯ ಆಸುಪಾಸು ಇತ್ತು. 2025–26ಕ್ಕೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ. ಗೊಬ್ಬರ, ಕೂಲಿ, ಡೀಸೆಲ್ ಎಲ್ಲ ಏರಿದ್ದಕ್ಕೆ ಬೆಲೆ ಏರಿತು. ಪುಸ್ತಕ ಅದನ್ನು ಕೇಳಲ್ಲ. ಏರಿದ್ದೆಲ್ಲ ರೈತನಿಗೆ ಕೊಟ್ಟ ಕೊಡುಗೆ ಅನ್ನುತ್ತದೆ. ಲೆಕ್ಕವನ್ನು ರೂಪಾಯಿಯಲ್ಲಿ ಹಾಕಬೇಕಾ ಡಾಲರಿನಲ್ಲಾ ಅನ್ನೋದೇ ಇನ್ನೊಂದು ದೊಡ್ಡ ಜಗಳ. ಅದನ್ನು ಇಲ್ಲಿ ಎತ್ತಲ್ಲ.

ಇನ್ನೂ ಒಂದು ಮಾತಿದೆ. ಆ ಕಾಲದಲ್ಲಿ ತಮ್ಮ ರೈತರಿಗೆ ಜಾಸ್ತಿ ಸಬ್ಸಿಡಿ ಕೊಡುತ್ತಿದ್ದ ಶ್ರೀಮಂತ ದೇಶಗಳಿಗೆ ಸ್ವಲ್ಪ ಕಡಿಮೆ ಮಾಡಿ ಅಂತ ಮಾತ್ರ ಹೇಳಿದರು. ಹಾಗಾಗಿ ಜಾಸ್ತಿ ಕೊಡುವ ಹಕ್ಕು ಅವರ ಹತ್ತಿರವೇ ಉಳಿಯಿತು. ಕೊಡದೇ ಇದ್ದವರಿಗೆ ಶೇ 10ರ ಗೆರೆ. ಜಿನ್ನಿಂಗ್ ಫ್ಯಾಕ್ಟರಿ ಇದ್ದವನು ಇವತ್ತಿಗೂ ಮುಂದಿನ ಸಾಲಿನಲ್ಲೇ ಕೂರಬೇಕು ಅಂತ ಬರೆದಿಟ್ಟ ಹಾಗೆ. 2013ರಲ್ಲಿ ಬಾಲಿಯ ಡಬ್ಲ್ಯುಟಿಒ ಸಭೆಯಲ್ಲಿ ಭಾರತ ಹಟ ಹಿಡಿದು ಕೂತಿತು. ಸರಿ, ಕಾಯಂ ಪರಿಹಾರ ಸಿಗುವವರೆಗೆ ಇದರ ಮೇಲೆ ಯಾರೂ ದೂರು ಕೊಡಬೇಡಿ ಅಂತ ಒಂದು ತಾತ್ಕಾಲಿಕ ಒಪ್ಪಂದ ಆಯಿತು. ಪೀಸ್ ಕ್ಲಾಸ್ ಅನ್ನುತ್ತಾರೆ. 2018–19ರ ಅಕ್ಕಿಯ ಲೆಕ್ಕದಲ್ಲಿ ಭಾರತ ಶೇ 10ರ ಗೆರೆ ದಾಟಿತು. 2020ರಲ್ಲಿ ಅದನ್ನು ತಾನೇ ಹೇಳಿಕೊಂಡು ಪೀಸ್ ಕ್ಲಾಸಿನ ನೆರಳಿಗೆ ಹೋಯಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದೇ. ಕಾಯಂ ಪರಿಹಾರ ಇನ್ನೂ ಬಂದಿಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಹೇಳಲು ಸುಲಭವಾಯಿತು, ಪುಸ್ತಕ ಎದುರಿಗೇ ಇತ್ತಲ್ಲ. ಅವರು ಕೇಳಿದ್ದು ಒಂದೇ: “ಆ ಲೆಕ್ಕ ಬರೆಯೋ ಗುಮಾಸ್ತ ಯಾರು?” ಗುಮಾಸ್ತರು ತುಂಬ ಜನ ಇದ್ದಾರೆ ದೊಡ್ಡಪ್ಪ, ಒಳ್ಳೆಯವರೂ ಇದ್ದಾರೆ, ಆದರೆ ಕಾಲ ನೋಡು, ಮನೆ ನೋಡು ಅನ್ನೋ ಅಧಿಕಾರ ಅವರಿಗಿಲ್ಲ ಅಂದೆ. ಎಲ್ಲ ದೇಶ ಒಪ್ಪಿದರೆ ಮಾತ್ರ ಒಂದು ಅಂಕಿ ಬದಲಾಗುತ್ತದೆ. ತಕರಾರು ಬಿದ್ದರೆ ನೋಡಲು ಮೇಲ್ಮನವಿ ಪೀಠ ಇತ್ತು. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ ಅದೂ 2019ರ ಡಿಸೆಂಬರ್‌ನಿಂದ ಕೆಲಸ ನಿಲ್ಲಿಸಿದೆ. ಈಗ ಸೋತವರು ಮೇಲ್ಮನವಿ ಹಾಕಿ ಸುಮ್ನೆ ಕೂರಬಹುದು. ಕೇಳುವವರೇ ಇಲ್ಲ. ದೊಡ್ಡಪ್ಪ “ಥೂ” ಅಂದರು. ನನ್ನ ಎರಡು ವರ್ಷದ ಸಂಶೋಧನೆಗೆ ಇದಕ್ಕಿಂತ ಚಿಕ್ಕ ವಿಮರ್ಶೆ ಬಂದಿಲ್ಲ.

ನಮ್ಮ ಶಾಸ್ತ್ರದ ಪಾಠ ಶುರುವಾಗುವುದು ಒಂದು ಮಾತಿನಿಂದ. ದೇಶಗಳ ಮೇಲೆ ಸರ್ಕಾರ ಇಲ್ಲ, ಆದ್ದರಿಂದ ಪ್ರತಿಯೊಬ್ಬರೂ ತಮ್ಮ ರಕ್ಷಣೆ ತಾವೇ ನೋಡಿಕೊಳ್ಳಬೇಕು. 1979ರಲ್ಲಿ ಅಮೆರಿಕದ ವಿದ್ವಾಂಸ ಕೆನೆತ್ ವಾಲ್ಟ್ಜ್ ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಇವತ್ತಿಗೂ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ, ಬೈಯುವವರೂ ಸಹ. ನಾನೂ ಇಪ್ಪತ್ತು ವರ್ಷ ಹಾಗೇ ಪಾಠ ಮಾಡಿದೆ. ಆದರೆ ಮುಯ್ಯಿಗೂ ಸರ್ಕಾರ ಇಲ್ಲವಲ್ಲ! ಮುಯ್ಯಿ ವಾಪಸ್ ಮಾಡದವನ ಮೇಲೆ ಯಾವ ಪೊಲೀಸೂ ಕೇಸು ಹಾಕಲ್ಲ. ಆದರೂ ಟ್ರಂಕು ತುಂಬ ಲೆಕ್ಕ ಸರಿಯಾಗಿದೆ. ಹಾಗಾಗಿ ಸರ್ಕಾರ ಇಲ್ಲದ್ದೇ ರೋಗ ಅನ್ನೋದು ಈಗ ನನಗೆ ಒಪ್ಪಿಗೆಯಿಲ್ಲ. ಬರೆದಿಟ್ಟ ಪುಸ್ತಕವನ್ನು ಕಾಲಕ್ಕೆ ತಕ್ಕ ಹಾಗೆ ಓದುವವರು ಇಲ್ಲದ್ದು ರೋಗ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯನ್ನೇ ನೋಡಿ. 1945ರಲ್ಲಿ 51 ದೇಶ ಇದ್ದಾಗ ಕಾಯಂ ಸದಸ್ಯರಾಗಿ ವೇದಿಕೆ ಹತ್ತಿದ ಐವರು ಇವತ್ತು 193 ದೇಶ ಆದಾಗಲೂ ಅಲ್ಲೇ ಕೂತಿದ್ದಾರೆ. ಫೋಟೊ ತೆಗೆಯುವವನು ಸಾಕಾಗಿ ಹೋಗಿರಬೇಕು.

ತೀರಿಸುವುದು, ತೀರಿಸಿಕೊಳ್ಳುವುದು

ಮುಯ್ಯಿಯನ್ನು ಹೀಗೆ ಹೊಗಳುತ್ತಾ ಹೋಗುವುದು ಸುಲಭ. ಹಳ್ಳಿಯಲ್ಲಿ ಎಲ್ಲ ಚೆನ್ನ, ಜಿನೀವಾದಲ್ಲಿ ಎಲ್ಲ ಮೋಸ ಅಂತ. ಅದು ನಿಜವಲ್ಲ ಅನ್ನೋದಕ್ಕೆ ಆ ಪದವೇ ಸಾಕ್ಷಿ. ಮುಯ್ಯಿ ತೀರಿಸುವುದು ಅಂದರೆ ಉಪಕಾರಕ್ಕೆ ಉಪಕಾರ. ಮುಯ್ಯಿ ತೀರಿಸಿಕೊಳ್ಳುವುದು ಅಂದರೆ ಸೇಡು. ನಡುವೆ ಇರೋದು ಒಂದು ‘ಕೊಳ್ಳು’ ಮಾತ್ರ. ಈ ಒಂದು ‘ಕೊಳ್ಳು’ ಮೇಲೆ ನಮ್ಮ ಶಾಸ್ತ್ರದಲ್ಲಿ ಕಪಾಟುಗಟ್ಟಲೆ ಬರೆದಿದ್ದಾರೆ. 1980ರ ಸುಮಾರಿಗೆ ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಒಂದು ಪಂದ್ಯ ಇಟ್ಟರು. ಕಂಪ್ಯೂಟರಿನಲ್ಲಿ ಇಬ್ಬರು ಮತ್ತೆ ಮತ್ತೆ ಎದುರಾಗುತ್ತಾರೆ. ಪ್ರತಿ ಸಲವೂ ಸಹಕಾರ ಮಾಡಬಹುದು, ಕೈ ಕೊಡಬಹುದು. ದೊಡ್ಡ ದೊಡ್ಡ ವಿದ್ವಾಂಸರು ಪ್ರೋಗ್ರಾಂ ಬರೆದು ಕಳಿಸಿದರು. ಗೆದ್ದದ್ದು ಎಲ್ಲಕ್ಕಿಂತ ಚಿಕ್ಕದು. ಮೊದಲು ಒಳ್ಳೆಯದು ಮಾಡು, ಆಮೇಲೆ ಅವನು ಹೋದ ಸಲ ಮಾಡಿದ್ದನ್ನೇ ಮಾಡು. ಮುಯ್ಯಿಗೆ ಮುಯ್ಯಿ, ಅಷ್ಟೇ. ಎರಡನೇ ಸಲ ಪಂದ್ಯ ಇಟ್ಟಾಗಲೂ ಅದೇ ಗೆದ್ದಿತು. ಆದರೆ ಅದಕ್ಕೊಂದು ದೊಡ್ಡ ಕಾಯಿಲೆ ಇದೆ. ಇಬ್ಬರೂ ಮುಯ್ಯಿಗೆ ಮುಯ್ಯಿ ಮಾಡುವವರೇ ಆಗಿದ್ದು, ಒಮ್ಮೆ ಯಾರೋ ಕೈತಪ್ಪಿ ತಪ್ಪು ಮಾಡಿದರೆ ಮುಗಿಯಿತು. ಅಲ್ಲಿಂದ ಮುಂದೆ ಸೇಡಿನ ಸರದಿ. ನಿಲ್ಲುವುದೇ ಇಲ್ಲ. ಸುಂಕಕ್ಕೆ ಸುಂಕ ಹಾಕುವವರು, ರಾಯಭಾರಿಗೆ ರಾಯಭಾರಿಯನ್ನು ಹೊರಗೆ ಕಳಿಸುವವರು ಎಲ್ಲ ಇದೇ ಸಾಲಿನಲ್ಲಿ ನಿಂತಿದ್ದಾರೆ.

ಇದನ್ನು ಹೇಳುತ್ತಿದ್ದಾಗ ದೊಡ್ಡಪ್ಪ ಇನ್ನೊಂದು ಪುಸ್ತಕ ತೆಗೆಸಿದರು. ಹರಿಹರದ ಒಂದು ಮನೆಯ ಲೆಕ್ಕ ತೋರಿಸಿದರು. ತಾತನ ಕಡೆಯ ನೆಂಟರು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮೊದಲ ಸಾಲು, ಅವರಿಂದ ಬಂದದ್ದು 51. ನಾವು ಕೊಟ್ಟದ್ದು 51. ಆಮೇಲೆ ಬಂದದ್ದು 25. ಕೊಟ್ಟದ್ದು 25. ಬಂದದ್ದು 11. ಕೊಟ್ಟದ್ದು 11. ಆಮೇಲೆ ಬರೀ ಗೆರೆ. ಬರಲಿಲ್ಲ, ಹೋಗಲಿಲ್ಲ. ಇದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಆಕ್ಸೆಲ್‌ರಾಡ್ ಪಂದ್ಯದ ಕಾಯಿಲೆ ದೊಡ್ಡಪ್ಪನ ಕೈಬರಹದಲ್ಲಿ ಇಳಿದು ಇಳಿದು ಸೊನ್ನೆಗೆ ಬಂದು ನಿಂತಿತ್ತು. ಏನಾಗಿತ್ತು ಅಂತ ಕೇಳಿದೆ. ದೊಡ್ಡಪ್ಪನಿಗೂ ಸರಿಯಾಗಿ ನೆನಪಿಲ್ಲ. ಯಾವುದೋ ನಾಮಕರಣಕ್ಕೆ ಕರೆಯಲು ಮರೆತದ್ದಿರಬೇಕು. ಅಥವಾ ಕರೆದ ರೀತಿ ಸರಿ ಇರಲಿಲ್ಲವೋ.

ಗೆರೆಯ ಕೆಳಗೆ 1991ರಲ್ಲಿ ಒಂದು ಸಾಲು ಇತ್ತು. ಕೊಟ್ಟದ್ದು: ಸೀರೆ 1, ರೂ. 101. ಅವರ ಮಗಳ ಮದುವೆಗೆ ಅಜ್ಜಿ ಕರೆಯದೇ ಹೋಗಿದ್ದಳಂತೆ. ದೊಡ್ಡಪ್ಪ ಬೇಡ ಅಂದರೂ ಕೇಳಲಿಲ್ಲವಂತೆ. ಬಸ್ಸಿನಲ್ಲಿ ಹೋಗಿ, ನೇರ ಒಳಗೆ ನಡೆದು, “ಯಾಕ್ರೇ, ಕಾರ್ಡು ಪೋಸ್ಟಿನಾಗೆ ಕಳ್ದೋತೇನು?” ಅಂತ ನಗುತ್ತಾ ಕೇಳಿದಳಂತೆ. ಕಾರ್ಡು ಹಾಕಿರಲೇ ಇಲ್ಲ ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಗೂ ಗೊತ್ತು. “ನಮ್ಮವ್ವಗೆ ಮರೆವು ಅನ್ನೋದೇ ಇರ್ಲಿಲ್ಲ. ಆವತ್ತು ಮರ್ತಂಗೆ ನಾಟಕ ಆಡಿದ್ಲು” ಅಂದರು ದೊಡ್ಡಪ್ಪ. ಅವರ ಮಾತಿನಲ್ಲಿ ಇಷ್ಟು ವರ್ಷದ ಮೇಲೂ ಸ್ವಲ್ಪ ಸಿಟ್ಟಿತ್ತು. ಸೀರೆಯ ಬೆಲೆ ಬರೆಯದೆ ಬಿಟ್ಟಿದ್ದರು. ಅಜ್ಜಿ ಎಷ್ಟು ಅಂತ ಹೇಳಿರಲಿಲ್ಲವಂತೆ.

ರಾಜತಾಂತ್ರಿಕತೆಯ ಬಗ್ಗೆ ನಾನು ಬರೆದದ್ದರಲ್ಲಿ ಮರೆವಿಗೆ ಜಾಗ ಕೊಟ್ಟಿಲ್ಲ. ನಾವು ದಾಖಲೆಯನ್ನು ನಂಬುವವರು. ಯಾರು ಯಾವ ವರ್ಷ ಏನು ಅಂದರು, ಯಾವ ಪುಟ. ನನ್ನ ಇಡೀ ವೃತ್ತಿ ಮುಯ್ಯಿ ಮೇಜಿನ ಮುಂದೆ ಕೂತು ಬರೆದದ್ದೇ. ನನ್ನ ಕೈಯಿಂದ ಯಾರಿಗೂ ಸೀರೆ ಹೋಗಿಲ್ಲ.

ಪುಟ ಇಲ್ಲದವಳು

ಕೊನೆಗೆ ನನ್ನ ಹೆಸರು ಹುಡುಕಿದೆ. ಮನುಷ್ಯನ ಸ್ವಭಾವ, ಅಲ್ವಾ. ತಮ್ಮನ ಹೆಸರಿನಲ್ಲಿ ಪುಟ ಇದೆ. ದೊಡ್ಡಪ್ಪನ ಮಕ್ಕಳಿಗೆಲ್ಲ ಇದೆ. ನನಗೆ ಇಲ್ಲ. ದೊಡ್ಡಪ್ಪ ಬೇಸರದಿಂದಲ್ಲ, ಲೆಕ್ಕದ ಮಾತಾಗಿ ಹೇಳಿದರು. ಪುಟ ಇರೋದು ಮನೆಗೆ. ಮದುವೆ ಆದರೆ ಹೆಣ್ಣುಮಗಳು ಗಂಡನ ಮನೆಯ ಪುಟಕ್ಕೆ ಹೋಗುತ್ತಾಳೆ. ಆಗದಿದ್ದರೆ ಅಪ್ಪನ ಪುಟ. ಅಪ್ಪ 2011ರಲ್ಲಿ ಹೋದ ಮೇಲೆ ತಮ್ಮನ ಪುಟ. ನಾನು ಇಷ್ಟು ವರ್ಷ ತಮ್ಮನ ಕೈಗೆ ದುಡ್ಡು ಕೊಟ್ಟು “ನನ್ನದೂ ಸೇರಿಸಿ ಕೊಟ್ಟುಬಿಡು” ಅನ್ನುತ್ತಿದ್ದೆ. ಅವನು ಸೇರಿಸಿ ಕೊಡುತ್ತಿದ್ದ. ಪುಸ್ತಕಕ್ಕೆ ಅದು ಅವನದ್ದೇ. ವಿಶ್ವಸಂಸ್ಥೆಯಲ್ಲಿ ಸದಸ್ಯ ದೇಶ ಅಲ್ಲದವರು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ವೀಕ್ಷಕರಾಗಿ ಕೂರುತ್ತಾರೆ. ಮಾತಾಡಬಹುದು, ಮತ ಹಾಕುವ ಹಾಗಿಲ್ಲ. ಅದರ ಬಗ್ಗೆ ಒಂದು ಲೇಖನ ಬರೆದಿದ್ದೆ. ಬರೆಯುವಾಗ ನನ್ನ ಬಗ್ಗೆ ಅಂತ ಅನ್ನಿಸಿರಲಿಲ್ಲ.

ಅಪ್ಪನ ಪುಟ ತಿರುಗಿಸಿದೆ. 1996ರ ಜೂನ್‌ನಲ್ಲಿ ಒಂದು ಸಾಲು. “ಮಗಳ ದಿಲ್ಲಿ ಓದಿಗೆ: ರೂ. 500.” ಕೊಟ್ಟವರ ಹೆಸರು ನೋಡಿದೆ. ಹರಿಹರದ ಆ ಫಿಟ್ಟರ್. ಆ ಪುಟದಲ್ಲಿ ಅದಕ್ಕಿಂತ ದೊಡ್ಡ ಮೊತ್ತ ಇನ್ನೊಂದಿಲ್ಲ. ನನಗೆ ಇದು ಗೊತ್ತೇ ಇರಲಿಲ್ಲ. ಅಪ್ಪ ಬೆಂಗಳೂರಿನ ಸ್ಟೇಷನ್‌ನಲ್ಲಿ, ಕರ್ನಾಟಕ ಎಕ್ಸ್‌ಪ್ರೆಸ್ ಹೊರಡುವ ಮುಂಚೆ, ಒಂದು ಕವರ್ ಕೈಗೆ ತುರುಕಿದ್ದರು. ಅದರಲ್ಲಿ ಯಾರ್ಯಾರದ್ದು ಇತ್ತು ಅಂತ ನಾನು ಕೇಳಿರಲಿಲ್ಲ. ಆ ಮನುಷ್ಯನ ಮುಖವೂ ನನಗೆ ಸರಿಯಾಗಿ ನೆನಪಿಲ್ಲ. ದಪ್ಪ ಕನ್ನಡಕ, ಸೈಕಲ್ಲು. ಅಷ್ಟೇ.

ಆ ಸಾಲಿನ ಪಕ್ಕ ಒಂದು ಅಡ್ಡಗೆರೆ ಎಳೆದಿತ್ತು. ತೀರಿತು ಅನ್ನೋ ಗುರುತು. 2008ರಲ್ಲಿ ಅವರ ಮಗನ ಮದುವೆಗೆ ತಮ್ಮ 1001 ಕೊಟ್ಟಿದ್ದ. ಲೆಕ್ಕ ಸರಿ ಇದೆ. ನನಗೆ ನಿಜವಾಗಿ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನನ್ನ ಪೆಟ್ಟಿಗೆಯಿಂದ ಯಾರೋ ಏನೋ ತೆಗೆದುಕೊಂಡು ಹೋದ ಹಾಗೆ ಅನ್ನಿಸಿತು. ಯಾಕೆ ಅಂತ ಇವತ್ತಿಗೂ ಯೋಚಿಸುತ್ತಿದ್ದೇನೆ.

ಫಿಟ್ಟರ್ ಈಗಿಲ್ಲ. ಅವರ ಮೊಮ್ಮಗಳ ಮದುವೆ ಮುಂದಿನ ತಿಂಗಳು, ಹರಿಹರದಲ್ಲೇ. ಅದೇ ವಾರ ಜಿನೀವಾದಲ್ಲಿ ನನಗೊಂದು ಸಭೆ ಇದೆ. ಸಭೆಯ ವಿಷಯ ಆ 1986–88ರ ಬೆಲೆಯೇ. ಎರಡಕ್ಕೂ ಟಿಕೆಟ್ ಮಾಡಿಲ್ಲ. ಆ ರಾತ್ರಿ ದೊಡ್ಡಪ್ಪನನ್ನು ಕೇಳಿದ್ದೆ, ಆ ಮನೆಯ ಮದುವೆಗೆ ನಾನು ನನ್ನ ಹೆಸರಿನಲ್ಲೇ ಬೇರೆ ಕವರ್ ಕೊಡಬಹುದಾ ಅಂತ. ಅವರು ಟ್ರಂಕಿನ ಚಿಲಕ ಹಾಕುತ್ತಿದ್ದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಂದರು: “ಕೊಡು. ನಿನ್ನ ಹೆಸ್ರೇ ಬರಿ. ಅವ್ರ ಪುಸ್ತಕದಾಗೆ ಅದನ್ನ ಯಾವ ಮನಿ ಅಂತ ಬರ್ಕಂತಾರೋ, ಅದು ಅವ್ರಿಗೆ ಬಿಟ್ಟಿದ್ದು.”